ಬಾಡಿಗೆಮನೆಯ ಬ್ಯಾಟರಿ ಬೀಗ

ಬೀಗದ ಕೈ ಕಳೆದರೆ ಹುಡುಕಬಹುದು. ಬೀಗದ ಉಸಿರೇ ನಿಂತರೆ ಏನು ಮಾಡುವುದು? ಕಳೆದ ಮಳೆಗಾಲದಲ್ಲಿ ನಮ್ಮ ಮಹಡಿಯ ಬಾಡಿಗೆದಾರರಿಗೆ ಈ ಪ್ರಶ್ನೆ ಎದುರಾಯಿತು. ವೃದ್ಧ ತಾಯಿಯೊಡನೆ ರಾತ್ರಿಯ ರೈಲಿಳಿದು ಬಂದವರು ಸಂಖ್ಯೆಯನ್ನು ಒತ್ತಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ನಾವು ಮದುವೆಗೆಂದು ಪರವೂರಿನಲ್ಲಿದ್ದೆವು. ಬೀಗದೊಡನೆ ಬಂದ ಕೈಯೋ, ನಮ್ಮ ಬೀರುವಿನೊಳಗೆ ಭದ್ರವಾಗಿತ್ತು! ಬೆಳಿಗ್ಗೆ ನಾವು ಬರುವವರೆಗೆ ಆ ತಾಯಿ ಮೆಟ್ಟಿಲ ಮೇಲೆ ಕುಳಿತಿದ್ದರು. ಅಂದು ನನಗಾದ ನಾಚಿಕೆಯೇ ಈ ಲೇಖನಕ್ಕೆ ಮೂಲ.

ಸ್ಮಾರ್ಟ್ ಲಾಕ್ ಎನ್ನುವ ಈ ಬೀಗಗಳಲ್ಲಿ ಹಲವಕ್ಕೆ ಪ್ರಾಣವೆಂದರೆ ನಾಲ್ಕು ಪೆನ್ಸಿಲ್ ಸೆಲ್ಲುಗಳು, ಒಂದೊಂದು 1.5 ವೋಲ್ಟಿನಂತೆ ಒಟ್ಟು 6 ವೋಲ್ಟ್. ಅಗುಳಿಯನ್ನು ಎಳೆಯುವ ಪುಟ್ಟ ಮೋಟಾರು ಕ್ಷಣಕಾಲವಾದರೂ ಬಲವಾದ ವಿದ್ಯುತ್ತನ್ನು ಬೇಡುತ್ತದೆ. ಸೋತ ಸೆಲ್ಲಿಗೆ ಆ ತ್ರಾಣವಿರದು. ಬೀಗದಲ್ಲಿ ಸತ್ತಂತೆ ಕಂಡ ಸೆಲ್ಲು ಗೋಡೆಯ ಗಡಿಯಾರವನ್ನು ಇನ್ನೂ ಕೆಲಕಾಲ ನಡೆಸುವುದುಂಟು.

ಸೆಲ್ಲು ಬೇಗ ಮುಗಿದರೆ ಸೆಲ್ಲನ್ನೇ ಬೈಯುವುದು ವಾಡಿಕೆ. ತಾವು ಮೊದಲು ಬಾಗಿಲನ್ನು ನೋಡಿರಿ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಅಗುಳಿ ಚೌಕಟ್ಟಿನ ತೂತಿಗೆ ನೇರವಾಗಿ ಸೇರದೆ ಉಜ್ಜುತ್ತದೆ. ಮೋಟಾರು ಏದುಸಿರು ಬಿಡುತ್ತ ಪ್ರತಿ ಸಲವೂ ಹೆಚ್ಚು ವಿದ್ಯುತ್ತನ್ನು ಕುಡಿಯುತ್ತದೆ. ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಅಗುಳಿಯನ್ನು ಓಡಿಸಿ ಸದ್ದನ್ನು ಕೇಳಿರಿ. ಮುಚ್ಚಿದಾಗ ಮಾತ್ರ ನರಳಿದರೆ ಕರೆಯಬೇಕಾದವನು ಬಡಗಿ, ಸೆಲ್ಲಿನ ಅಂಗಡಿಯವನಲ್ಲ. ಸದಾ ವೈಫೈಗೆ ಅಂಟಿಕೊಂಡಿರುವ ಬೀಗಕ್ಕೂ ಹಸಿವು ಹೆಚ್ಚು. ದೂರದಿಂದ ತೆರೆಯುವ ಅಗತ್ಯವಿಲ್ಲದವರು ಬ್ಲೂಟೂತಿನಲ್ಲೇ ತೃಪ್ತರಾಗಬಹುದು.

ಆಲ್ಕಲೈನ್ ಸೆಲ್ಲಿನ ಒತ್ತಡ ಮೆಲ್ಲಮೆಲ್ಲನೆ ಇಳಿಯುವುದರಿಂದ ಬೀಗಕ್ಕೆ ಮುನ್ಸೂಚನೆ ಕೊಡಲು ವೇಳೆಯಿರುತ್ತದೆ. ಲಿಥಿಯಂ ಸೆಲ್ಲು ಕೊನೆಯವರೆಗೂ ಗಟ್ಟಿಯಾಗಿ ನಿಂತು ತಟ್ಟನೆ ಮಲಗುತ್ತದೆ. ಚಾರ್ಜ್ ಮಾಡುವ ನಿಕಲ್ ಸೆಲ್ಲು 1.2 ವೋಲ್ಟಿನದು, ತುಂಬಿದ್ದರೂ ಬೀಗ ಅದನ್ನು ಅರೆಹೊಟ್ಟೆಯದೆಂದು ಎಣಿಸೀತು. ತಯಾರಕರು ಬೇರೆ ಹೇಳದಿದ್ದರೆ ಆಲ್ಕಲೈನೇ ಲೇಸು. ನಾಲ್ಕನ್ನೂ ಒಟ್ಟಿಗೆ ಬದಲಿಸಿರಿ. ಎರಡು ಹಳೆಯದನ್ನು ಉಳಿಸಿಕೊಳ್ಳುವ ಜಾಣತನ ಬೇಡ. ಅವು ಪೂರ್ತಿ ಬರಿದಾಗಿ ಸೋರಿದರೆ ಆ ಕ್ಷಾರ ಲೋಹದ ತುದಿಗಳನ್ನೇ ತಿಂದುಬಿಡುತ್ತದೆ.

ಬಾಡಿಗೆಮನೆಯಲ್ಲಿ ಇನ್ನೊಂದು ತೊಡಕು. ಎಚ್ಚರಿಕೆಯ ಸಂದೇಶ ಹೋಗುವುದು ಮಾಲೀಕನ ಫೋನಿಗೆ; ಹೊರಗೆ ನಿಲ್ಲುವವನು ಬಾಡಿಗೆದಾರ. ಕೆಂಪು ದೀಪ ಕಂಡರೆ ತಿಳಿಸಿರೆಂದು ಮೊದಲೇ ಹೇಳಿರಿ, ಸೆಲ್ಲಿನ ವೆಚ್ಚ ಯಾರದೆಂಬುದನ್ನು ಕರಾರಿನಲ್ಲೇ ಬರೆಯಿರಿ. ಮುಂಗಾರಿಗೆ ಮುನ್ನ, ಹಾಗೂ ಮನೆ ಕೈ ಬದಲಾದಾಗಲೆಲ್ಲ, ಹೊಸ ಸೆಲ್ಲು ಹಾಕುವುದು ನನ್ನ ಈಗಿನ ಪದ್ಧತಿ.

ಹಲವು ಮಾದರಿಗಳಲ್ಲಿ ಅಂಕಿಗುಂಡಿಗಳ ಕೆಳಗೆ ಎರಡು ಲೋಹದ ಚುಕ್ಕೆಗಳಿರುತ್ತವೆ. 9 ವೋಲ್ಟಿನ ಚೌಕ ಬ್ಯಾಟರಿಯನ್ನು ಅಲ್ಲಿ ಒತ್ತಿ ಹಿಡಿದು ಸಂಖ್ಯೆ ಕೊಟ್ಟರೆ ಬಾಗಿಲು ತೆರೆಯುತ್ತದೆ. ಕೆಲವಕ್ಕೆ ಯುಎಸ್‌ಬಿ ರಂಧ್ರವಿದ್ದು, ಪವರ್ ಬ್ಯಾಂಕು ಸಾಕು. ಇದರಿಂದ ಒಳಗಿನ ಸೆಲ್ಲು ತುಂಬದು, ಒಳಹೊಕ್ಕೊಡನೆ ಬದಲಿಸಬೇಕು. ಆ ಬ್ಯಾಟರಿಯೂ ಬೀಗದ ಕೈಯೂ ಮನೆಯ ಹೊರಗಿರಲಿ, ಆದರೆ ಒಂದೇ ಡಬ್ಬಿಯಲ್ಲಿ ಬೇಡ. ಲೋಹ ತಾಗಿ ಬ್ಯಾಟರಿ ಬಿಸಿಯೇರೀತು. ನಮ್ಮವು ಈಗ ಎದುರುಮನೆಯವರ ಪಡಸಾಲೆಯ ಗೂಡಿನಲ್ಲಿ ಬೇರೆಬೇರೆಯಾಗಿವೆ. ಆ ತಾಯಿಯನ್ನು ಕರೆದೊಯ್ದು ಗೂಡನ್ನು ನಾನೇ ತೋರಿಸಿ ಬಂದೆ.