ಮೊರೆಯೂ ಭರವಸೆಯೂ

ಸಾವು ಸಂಭವಿಸಿದ ಕ್ರೈಸ್ತರ ಮನೆಗೆ ಸಾಂತ್ವನ ಹೇಳಲು ಹೋದವರ ಬಾಯಿಂದ ಮೊದಲಿಗೆ ಹೊರಡುವ ಮಾತು ಸಾಮಾನ್ಯವಾಗಿ ‘ಎಲ್ಲವೂ ದೇವರ ಚಿತ್ತ’ ಎಂಬುದು. ಆಡುವವರ ಮನಸ್ಸಿನಲ್ಲಿ ಕಪಟವಿರುವುದಿಲ್ಲ; ಪ್ರೀತಿಯಿಂದಲೇ ಆಡುತ್ತಾರೆ. ಆದರೆ ಮಗನನ್ನು ಮಣ್ಣುಮಾಡಿ ಮೂರು ದಿನವೂ ಕಳೆಯದ ತಾಯಿಗೆ ಅದು ಇನ್ನು ಅಳಬೇಡವೆಂಬ ಆಜ್ಞೆಯಂತೆ ಕೇಳಿಸುವುದುಂಟು. ಅಳುವುದು ಅವಿಶ್ವಾಸದ ಲಕ್ಷಣವೆಂದೂ, ‘ಏಕೆ’ ಎಂದು ಕೇಳುವುದು ದೈವದ್ರೋಹವೆಂದೂ, ನಿಜವಾದ ಭಕ್ತನು ಎಂಥ ಪೆಟ್ಟು ಬಿದ್ದರೂ ಮುಖಕಾಂತಿ ಮಾಸಗೊಡದೆ ಸ್ತೋತ್ರ ಹಾಡುತ್ತಿರಬೇಕೆಂದೂ ಒಂದು ಭಾವನೆ ಸಭೆಗಳಲ್ಲಿ ಹಬ್ಬಿಕೊಂಡಿದೆ. ಹೊರಗಿನಿಂದ ನೋಡುವವರೂ ಕ್ರೈಸ್ತಭಕ್ತಿಯೆಂದರೆ ಇಷ್ಟೇ ಎಂದು ಎಣಿಸಿರುವುದುಂಟು. ಈ ಭಾವನೆಗೆ ಬೈಬಲಿನಲ್ಲಿ ಆಧಾರ ಬಹಳ ಕಡಮೆ. ದುಃಖದ ನಡುವೆ ದೇವರಲ್ಲಿ ಭರವಸೆಯಿಡುವುದೆಂದರೆ ಏನೆಂಬುದನ್ನು ತಿಳಿಯಬಯಸುವವನು ಆ ಗ್ರಂಥವನ್ನೊಮ್ಮೆ ತೆರೆದು ನೋಡಬೇಕು. ಆಮೇಲೆ ನಮ್ಮ ಪಶ್ಚಿಮಘಟ್ಟದ ಮಡಿಲಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿಯವರ ಬಾಳನ್ನು ನೋಡಬೇಕು.

ಯೆಹೂದ್ಯರೂ ಕ್ರೈಸ್ತರೂ ಸಮಾನವಾಗಿ ಪೂಜ್ಯವೆಂದು ಭಾವಿಸುವ ಕೀರ್ತನೆಗಳು ಒಟ್ಟು ೧೫೦. ಅವುಗಳಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಶುದ್ಧವಾದ ಮೊರೆ: ರೋಗದಲ್ಲಿ ನರಳುವವನ ಮೊರೆ, ಮಿತ್ರದ್ರೋಹಕ್ಕೆ ಗುರಿಯಾದವನ ಮೊರೆ, ದೇವರೇ ತನ್ನನ್ನು ಮರೆತನೆಂದು ನೊಂದವನ ಮೊರೆ. ಬಹುತೇಕ ಮೊರೆಗಳು ಕೊನೆಯಲ್ಲಿ ಸ್ತುತಿಯ ಕಡೆಗೆ ತಿರುಗುತ್ತವೆ. ಆದರೆ ೮೮ನೆಯ ಕೀರ್ತನೆ ಹಾಗೆ ತಿರುಗುವುದೇ ಇಲ್ಲ. ಅದು ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಅಂಥದೊಂದು ಪದ್ಯವನ್ನು ತೆಗೆದುಹಾಕದೆ, ತಿದ್ದದೆ, ಆರಾಧನೆಯ ಗ್ರಂಥದೊಳಗೇ ಉಳಿಸಿಕೊಂಡು ಬಂದ ಹಿರಿಯರ ಪ್ರಾಮಾಣಿಕತೆಗೆ ನಾನು ಮನಸಾರೆ ನಮಸ್ಕರಿಸುತ್ತೇನೆ. ಯೋಬನ ಕಥೆ ಇನ್ನೂ ತೀಕ್ಷ್ಣವಾದುದು. ಮಕ್ಕಳನ್ನೂ ಐಶ್ವರ್ಯವನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಆತನ ಬಳಿಗೆ ಬಂದ ಮೂವರು ಮಿತ್ರರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕುಳಿತರಂತೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದೊಡನೆ ಅವರು ದೇವರ ಪರವಾಗಿ ವಾದಿಸತೊಡಗಿದರು, ನೊಂದವನಲ್ಲಿ ತಪ್ಪು ಹುಡುಕತೊಡಗಿದರು. ಕಡೆಯಲ್ಲಿ ದೇವರು ಕೋಪಗೊಂಡದ್ದು ಆ ವಾದಿಗಳ ಮೇಲೆ. ಅಷ್ಟೊಂದು ಕಟುವಾಗಿ ಪ್ರಶ್ನಿಸಿದ ಯೋಬನೇ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದನೆಂದು ಆತನು ಹೇಳಿದನು.

ಹೊಸ ಒಡಂಬಡಿಕೆಯಲ್ಲಿಯೂ ಹೀಗೆಯೇ. ಬೇಥಾನ್ಯದಲ್ಲಿ ಸ್ನೇಹಿತನಾದ ಲಾಜರನ ಸಮಾಧಿಯ ಕಡೆಗೆ ನಡೆಯುತ್ತ ಯೇಸು, ಸತ್ತವನನ್ನು ಎಬ್ಬಿಸಲಿಕ್ಕೆಂದೇ ಬಂದವನಾದರೂ, ಕಣ್ಣೀರು ಸುರಿಸಿದನು. ಗೆತ್ಸೇಮನೆಯ ತೋಟದಲ್ಲಿ ತನಗೆ ಬರಲಿರುವ ಯಾತನೆಯ ಪಾತ್ರೆಯನ್ನು ತೊಲಗಿಸೆಂದು ಬೇಡಿಕೊಂಡನು. ಶಿಲುಬೆಯ ಮೇಲೆ, ದೇವರು ತನ್ನನ್ನು ಕೈಬಿಟ್ಟನೆಂದು ಅಳುವ ಕೀರ್ತನೆಯೊಂದರ ಮೊದಲ ಮಾತನ್ನೇ ಕೂಗಿದನು. ಕ್ರೈಸ್ತರು ಯಾರನ್ನು ಕರ್ತನೆಂದು ಕರೆಯುತ್ತಾರೋ ಆತನೇ ಹೀಗೆ ಮೊರೆಯಿಟ್ಟಿರುವಾಗ, ಮೊರೆಯಿಡುವ ಸಾಮಾನ್ಯನನ್ನು ಅವಿಶ್ವಾಸಿಯೆನ್ನುವ ಅಧಿಕಾರ ಯಾರಿಗಿದೆ? ದೇವರಿಗೆ ಬೆನ್ನು ತಿರುಗಿಸಿ ಗೊಣಗುವವನು ಬೇರೆ. ದೇವರ ಮುಖವನ್ನೇ ನೋಡಿ ದೂರುವವನು ಬೇರೆ. ಎರಡನೆಯವನು ಕೇಳುವವನೊಬ್ಬನಿದ್ದಾನೆಂಬುದನ್ನು ಬಿಟ್ಟುಕೊಟ್ಟಿಲ್ಲ. ದುಃಖದ ಕಾಲದಲ್ಲಿ ವಿಶ್ವಾಸಕ್ಕೆ ಉಳಿಯುವ ನೆಲೆ ಎಷ್ಟೋ ವೇಳೆ ಅಷ್ಟೇ, ಮತ್ತು ಅಷ್ಟು ಸಾಲುತ್ತದೆ.

ಇನ್ನು ರಮಾಬಾಯಿಯವರ ವಿಷಯ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯವರು. ಪುಣೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡು, ಸ್ತ್ರೀಯರೂ ದೇವಭಾಷೆಗೆ ಅರ್ಹರೆಂದು ನಿಶ್ಚಯಿಸಿಕೊಂಡು, ತಮ್ಮ ಬಾಲಪತ್ನಿ ಲಕ್ಷ್ಮೀಬಾಯಿಗೆ ಪಾಠ ಹೇಳತೊಡಗಿದರು. ಊರವರು ಆಕ್ಷೇಪಿಸಿದರು; ಉಡುಪಿಯಲ್ಲಿ ಸೇರಿದ ಪಂಡಿತರ ಸಭೆಯ ಮುಂದೆ ಶಾಸ್ತ್ರಾಧಾರಗಳಿಂದ ಅವರು ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಅನಂತರ ತುಂಗಭದ್ರೆಯರೂ ನೇತ್ರಾವತಿಯೂ ಹುಟ್ಟುವ ಗಂಗಾಮೂಲದ ದಟ್ಟಡವಿಗೆ ಹೊರಟುಹೋದರು. ಮನೆಯಿಲ್ಲದ ಮೊದಲ ರಾತ್ರಿ ಕಣಿವೆಯಾಚೆಗೆ ಹುಲಿ ಗರ್ಜಿಸುತ್ತಿತ್ತಂತೆ. ಹುಡುಗಿ ಹೊದಿಕೆಯನ್ನು ಸುತ್ತಿಕೊಂಡು ನೆಲಕ್ಕೆ ಕಚ್ಚಿ ಮಲಗಿದ್ದಳು, ಪತಿ ಬೆಳಗಾಗುವವರೆಗೆ ಕಾವಲು ಕುಳಿತಿದ್ದರು. ಅಲ್ಲಿ ಅವರು ಕಟ್ಟಿಕೊಂಡ ಆಶ್ರಮದಲ್ಲಿ ೧೮೫೮ರ ಏಪ್ರಿಲ್‌ನಲ್ಲಿ ರಮಾ ಹುಟ್ಟಿದರು. ಅತಿಥಿಗಳಿಗೂ ಶಿಷ್ಯರಿಗೂ ಅನ್ನವಿಟ್ಟು ತಂದೆ ಸಾಲಗಾರರಾದರು; ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟವಿಳಿಸಿಕೊಂಡು, ಕುಟುಂಬ ದೇಶಾಂತರ ಹೊರಟಿತು. ಮುಂದೆ ಅವರ ಜೀವನೋಪಾಯ ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುವುದು.

೧೮೭೦ರ ದಶಕದ ಕ್ಷಾಮ ಈ ಯಾತ್ರಿಕರನ್ನು ನುಂಗಿತು. ಕೈಯಲ್ಲಿದ್ದುದೆಲ್ಲ ಮಾರಿಹೋಗಿ, ತಿರುಪತಿಯ ಸೀಮೆಯ ಕಾಡಿನಲ್ಲಿ ಎಲೆ ತಿಂದು ದಿನ ತಳ್ಳುವ ಸ್ಥಿತಿ ಬಂತು. ಕಣ್ಣು ಕಾಣದಾಗಿದ್ದ ವೃದ್ಧ ತಂದೆ ಜಲಸಮಾಧಿಗೆ ಸಿದ್ಧರಾದರು. ಮಗ ಶ್ರೀನಿವಾಸನು ಜಾತಿಯ ಅಭಿಮಾನವನ್ನು ಬಿಟ್ಟು ಕೂಲಿ ಮಾಡಿಯಾದರೂ ಸಾಕುವೆನೆಂದು ಅವರನ್ನು ತಡೆದನು. ಆದರೂ ತಂದೆ ಬಹಳ ದಿನ ಉಳಿಯಲಿಲ್ಲ. ಪ್ರಾಣ ಬಿಡುವ ಮುನ್ನ ಅವರು ಕಿರಿಯ ಮಗಳನ್ನು ಎದೆಗಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬಾಳಿನುದ್ದಕ್ಕೂ ಆತನ ಸೇವೆಯನ್ನೇ ಮಾಡಬೇಕೆಂಬ ಅರ್ಥದ ಮಾತು ಹೇಳಿದರೆಂದು ರಮಾಬಾಯಿಯವರು ೧೯೦೭ರಲ್ಲಿ ಪ್ರಕಟಿಸಿದ ಸಾಕ್ಷ್ಯದಲ್ಲಿ ಬರೆದಿದ್ದಾರೆ. ಸ್ವಲ್ಪ ದಿನಕ್ಕೆ ತಾಯಿಯೂ ಹೋದರು. ಚಟ್ಟಕ್ಕೆ ಹೆಗಲು ಕೊಡಲು ಸಾಕಷ್ಟು ಜನ ಸಿಗದೆ ಮಗಳೇ ಕೈಕೊಡಬೇಕಾಯಿತು. ಕುಳ್ಳಗಿನವರಾದ್ದರಿಂದ ಇತರರ ಹೆಗಲಿಗೆ ಸಮನಾಗಲೆಂದು ಚಟ್ಟದ ಆ ತುದಿಯನ್ನು ಅವರು ತಲೆಯ ಮೇಲೆ ಹೊತ್ತರು. ಮುಂದೆ ಅಕ್ಕನೂ ತೀರಿಕೊಂಡರು. ಉಳಿದ ಅಣ್ಣತಂಗಿಯರು ಭಾರತದ ಉದ್ದಗಲಕ್ಕೂ ಬರಿಗಾಲಲ್ಲಿ ನಡೆದರು. ನೆನೆಸಿದ ಧಾನ್ಯ ಒಂದು ಹಿಡಿ, ಉಪ್ಪು ಒಂದು ಚಿಟಿಕೆ ಸಿಕ್ಕಿದ ದಿನ ಸುದಿನ. ಝೇಲಮ್ ನದಿಯ ದಂಡೆಯಲ್ಲಿ, ಹೊದೆಯಲು ಬಟ್ಟೆಯಿಲ್ಲದೆ, ಚಳಿ ತಡೆಯಲಾರದೆ, ಗೋರಿಯಂಥ ಎರಡು ಗುಂಡಿಗಳನ್ನು ತೋಡಿ, ತಲೆಯೊಂದನ್ನು ಹೊರಗಿಟ್ಟು ಒಣಮರಳಿನಿಂದ ಮೈ ಮುಚ್ಚಿಕೊಂಡು ಅವರಿಬ್ಬರೂ ಮಲಗಿದ್ದುಂಟು.

ಅಷ್ಟು ತಪಸ್ಸಿಗೂ ದೇವತೆಗಳು ಮೌನವಾಗಿದ್ದುದರಿಂದ ಅವರಿಗೆ ಪೂರ್ವದ ಶ್ರದ್ಧೆ ಸಡಿಲವಾಯಿತು. ಹೊಸ ಶ್ರದ್ಧೆ ಒಡನೆಯೇ ಹುಟ್ಟಲಿಲ್ಲ. ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣ ತೀರಿಕೊಂಡನು. ಅವನ ಕೊನೆಯ ಚಿಂತೆ ಒಬ್ಬಂಟಿಯಾಗುವ ತಂಗಿಯದೇ. ನಮ್ಮಿಬ್ಬರನ್ನೂ ನೋಡಿಕೊಳ್ಳುವವನು ದೇವರಲ್ಲದೆ ಬೇರಾರೆಂದು ಆಕೆ ಹೇಳಲು, ಹಾಗಾದರೆ ತನಗೆ ಅಂಜಿಕೆಯಿಲ್ಲವೆಂದು ಅವನು ಸಮಾಧಾನ ತಂದುಕೊಂಡನಂತೆ. ಆಗಿನ್ನೂ ಅವರು ಕ್ರೈಸ್ತರಲ್ಲ. ಯಾವ ದೇವರೆಂದು ಹೆಸರಿಟ್ಟು ಹೇಳಬಲ್ಲ ಸ್ಥಿತಿಯೂ ಅವರದಾಗಿರಲಿಲ್ಲ. ಅದೇ ವರ್ಷ ಅವರು ಬಂಗಾಳಿ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟು ಮೀರಿ ವಿವಾಹವಾಗಿ ಅಸ್ಸಾಮಿನ ಸಿಲ್ಚರ್‌ಗೆ ಹೋದರು; ಪತಿಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯ ಪುಟ್ಟ ಪ್ರತಿಯೊಂದು ಅವರ ಕೈಗೆ ಸಿಕ್ಕಿದ್ದು ಅಲ್ಲಿಯೇ. ೧೮೮೨ರ ಫೆಬ್ರವರಿಯಲ್ಲಿ ಪತಿ ಕಾಲರಾ ತಗಲಿ ಹಠಾತ್ತಾಗಿ ತೀರಿಕೊಂಡರು. ಮಗಳು ಮನೋರಮೆಗೆ ವರ್ಷವಿನ್ನೂ ತುಂಬಿರಲಿಲ್ಲ; ತಾಯಿಗೆ ಇಪ್ಪತ್ತಮೂರು.

ವೈದ್ಯಶಾಸ್ತ್ರ ಓದಬೇಕೆಂದು ಅವರು ಕೂಸಿನೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದು ಆ ದಾರಿ ಮುಚ್ಚಿತು. ಜೊತೆಗೆ ಬಂದ ಗೆಳತಿ ಪರದೇಶದಲ್ಲಿ ದುರ್ಮರಣಕ್ಕೀಡಾದಳು. ೧೮೮೩ರ ಸೆಪ್ಟೆಂಬರ್ ೨೯ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳು ದೀಕ್ಷಾಸ್ನಾನ ಪಡೆದರು. ಅವರನ್ನು ಸೆಳೆದದ್ದು ತರ್ಕಕ್ಕಿಂತ ಹೆಚ್ಚಾಗಿ, ಸಮಾಜ ಕೈಬಿಟ್ಟ ಹೆಂಗಸರನ್ನು ಅಲ್ಲಿಯ ಸನ್ಯಾಸಿನಿಯರು ಮಮತೆಯಿಂದ ಉಪಚರಿಸುತ್ತಿದ್ದ ದೃಶ್ಯ ಮತ್ತು ಬಾವಿಯ ಬಳಿ ಸಮಾರ್ಯದ ಹೆಣ್ಣಿನೊಡನೆ ಯೇಸು ಮಾತಾಡಿದ ಪ್ರಸಂಗ. ಈ ಮತಾಂತರದಿಂದ ಅಂದಿನ ಹಿಂದೂ ಸಮಾಜದ ಎಷ್ಟೋ ಹಿತೈಷಿಗಳಿಗೆ ನಿಜವಾದ ನೋವಾಯಿತೆಂಬುದನ್ನು ಮರೆಯಬಾರದು. ಅವರ ನೋವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಇತ್ತ ಕ್ರೈಸ್ತರೊಳಗೂ ರಮಾಬಾಯಿಯವರು ಇತರರು ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪಿದವರಲ್ಲ. ತಮ್ಮ ಆಧ್ಯಾತ್ಮಿಕ ಮಾತೆಯೆನಿಸಿದ ಸಿಸ್ಟರ್ ಜೆರಾಲ್ಡೀನರೊಡನೆ ಧರ್ಮಸೂಕ್ಷ್ಮಗಳನ್ನು ಕುರಿತು ಪತ್ರಗಳಲ್ಲಿ ನಿಷ್ಠುರವಾಗಿ ವಾದಿಸಿದರು. ಕ್ರೈಸ್ತಧರ್ಮ ತಮಗೆ ದೊರೆಯಿತಾದರೂ ಕ್ರಿಸ್ತನು ದೊರೆತಿರಲಿಲ್ಲವೆಂದೂ, ಮನಸ್ಸಿಗೆ ನೆಮ್ಮದಿ ಬಂದದ್ದು ಎಂಟು ವರ್ಷಗಳ ಮೇಲೆ, ೧೮೯೧ರಲ್ಲಿ ಎಂದೂ ಅವರೇ ಒಪ್ಪಿಕೊಂಡಿದ್ದಾರೆ. ವಿಶ್ವಾಸವು ಒಂದು ಕ್ಷಣದಲ್ಲಿ ಪೂರ್ಣವಾಗಿ ಬಂದುಬಿಡಬೇಕೆಂದು ಆತುರಪಡುವವರು ಈ ಎಂಟು ವರ್ಷಗಳನ್ನು ನೆನೆಯಬೇಕು.

ವಿಧವೆಯರಿಗಾಗಿ ಅವರು ೧೮೮೯ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ವರ್ಗಾಯಿಸಿದ ಶಾರದಾ ಸದನಕ್ಕೆ ೧೮೯೩ರಲ್ಲಿ ದೊಡ್ಡ ಪೆಟ್ಟು ಬಿತ್ತು. ಹುಡುಗಿಯರನ್ನು ಮತಾಂತರಕ್ಕೆ ಒಲಿಸುತ್ತಾರೆಂಬ ಆರೋಪ ಎದ್ದು, ‘ಕೇಸರಿ’ ಪತ್ರಿಕೆ ಉಗ್ರವಾಗಿ ಖಂಡಿಸಿ, ರಾನಡೆ, ಭಾಂಡಾರಕರರಂಥ ಸುಧಾರಕರು ಸಲಹಾ ಸಮಿತಿಯಿಂದ ಹೊರಬಂದರು. ಪೋಷಕರು ಅನೇಕ ಹುಡುಗಿಯರನ್ನು ಕರೆದುಕೊಂಡು ಹೋದರು. ಅಮೆರಿಕದ ಬಾಸ್ಟನ್ನಿನ ಸಂಘವೊಂದು ಹತ್ತು ವರ್ಷಗಳ ಮಟ್ಟಿಗೆ ಧನಸಹಾಯವನ್ನು ಒಪ್ಪಿಕೊಂಡಿತ್ತು; ಆ ಅವಧಿಯೂ ಮುಗಿಯುತ್ತ ಬಂದಿತ್ತು. ಹೀಗಿರುವಲ್ಲಿ ೧೮೯೬ರಲ್ಲಿ ಮಧ್ಯಪ್ರಾಂತದಿಂದ ಕ್ಷಾಮದ ಸುದ್ದಿ ಬಂತು.

ಇಲ್ಲಿ ನನಗೆ ಅವರ ಭರವಸೆಯ ನಿಜವಾದ ಸ್ವರೂಪ ಕಾಣುತ್ತದೆ. ಹಸಿವೆಂದರೆ ಏನೆಂಬುದನ್ನು ತಮ್ಮ ಮೈಯಲ್ಲೇ ಅನುಭವಿಸಿದ್ದ ಆ ಹೆಂಗಸು ಹಳೆಯ ನೆನಪಿಗೆ ಹೆದರಿ ದೂರ ಸರಿಯಬಹುದಾಗಿತ್ತು. ಹಣವಿಲ್ಲವೆಂದು ಹೇಳಿ ಸುಮ್ಮನಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅನಾಥಾಲಯಗಳನ್ನು ಕೇವಲ ಪ್ರಾರ್ಥನೆಯ ಬಲದಿಂದ ನಡೆಸಿದ ಬ್ರಿಸ್ಟಲಿನ ಜಾರ್ಜ್ ಮ್ಯೂಲರರ ಚರಿತ್ರೆಯನ್ನು ಓದಿ, ಅದು ಭಾರತದಲ್ಲಿ ಸಾಧ್ಯವೇ ಎಂದು ತಮ್ಮನ್ನೇ ಕೇಳಿಕೊಂಡಿದ್ದ ಅವರು, ಈಗ ಆ ಪ್ರಶ್ನೆಗೆ ಕಾಲಿನಿಂದ ಉತ್ತರ ಕೊಡಲು ಹೊರಟರು. ಎಲುಬಿನ ಹಂದರಗಳಂತಾಗಿದ್ದ ಹೆಣ್ಣುಮಕ್ಕಳನ್ನು ಕ್ಷಾಮದ ಶಿಬಿರಗಳಿಂದಲೂ ರಸ್ತೆಯ ಬದಿಗಳಿಂದಲೂ ಆಯ್ದು, ಅವರನ್ನು ಮಾರಿ ಕೆಡಿಸಲು ಕಾದಿದ್ದ ದುರುಳರ ಕೈಯಿಂದ ತಪ್ಪಿಸಿ, ಸುಮಾರು ಮುನ್ನೂರು ಮಂದಿಯನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಅಲ್ಲಿ ಇರಿಸಿಕೊಳ್ಳುವಂತಿಲ್ಲ. ಊರಿನ ಪೂರ್ವಕ್ಕೆ ಕೇಡಗಾಂವಿನ ಬಯಲಿನಲ್ಲಿ ಕೊಂಡಿದ್ದ ನೂರು ಎಕರೆ ಬಂಜರಿನಲ್ಲಿ ಗುಡಿಸಲು ಹಾಕಿದರು, ಅದೇ ‘ಮುಕ್ತಿ’ ಎಂಬ ಆಶ್ರಯಧಾಮವಾಯಿತು. ೧೯೦೦ರ ಗುಜರಾತಿನ ಕ್ಷಾಮವಾದ ಮೇಲೆ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರವನ್ನು ಮುಟ್ಟುವಷ್ಟಾಯಿತು. ಅಷ್ಟು ಜನಕ್ಕೆ ದಿನವೂ ಅನ್ನ ಬೇಯಬೇಕು, ಕಜ್ಜಿ ಹುಣ್ಣುಗಳಿಗೆ ಮದ್ದು ಹಚ್ಚಬೇಕು, ಅಕ್ಷರ ಕಲಿಸಬೇಕು; ನೇಯ್ಗೆ, ಗಾಣ, ಹೈನು, ಮುದ್ರಣ ಇವುಗಳನ್ನು ಕಲಿಸಬೇಕು. ಮನೋರಮೆ ಬ್ರೈಲ್ ಲಿಪಿಯನ್ನು ಕಲಿತು ಅಂಧ ಬಾಲಿಕೆಯರಿಗೆ ಪಾಠ ಹೇಳಿದಳು. ಮುಂದೆ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿಯೂ ತಾಯಿಮಗಳ ಪ್ರಯತ್ನದಿಂದ ಒಂದು ಶಾಲೆ ಹುಟ್ಟಿತು.

ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಗಲಾತ್ಯದವರಿಗೆ ಬರೆದ ಪೌಲನು, ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುತ್ತಾನೆ. ಬಾಳನ್ನು ಕಂಡವರಿಗೆ ಈ ಎರಡು ಮಾತುಗಳಲ್ಲಿ ವಿರೋಧ ತೋರದು. ಕಾಡಿನಿಂದ ಸೌದೆ ತರುವ ಹೆಂಗಸರಲ್ಲಿ ಪ್ರತಿಯೊಬ್ಬಳ ತಲೆಯ ಮೇಲೂ ಅವಳವಳ ಹೊರೆಯೇ ಇರುತ್ತದೆ. ಆದರೆ ನೆಲದಿಂದ ತಲೆಗೇರಿಸುವಾಗ ಇನ್ನೊಬ್ಬಳ ಕೈ ಬೇಕೇ ಬೇಕು. ರಮಾಬಾಯಿಯವರಿಗೆ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಇವರ ಅಗಲಿಕೆಯ ದುಃಖವನ್ನು ಯಾರೂ ಇಳಿಸಿಕೊಡಲಿಲ್ಲ. ಅದನ್ನು ಹೊತ್ತುಕೊಂಡೇ ಅವರು ಎರಡು ಸಾವಿರ ತಲೆಗಳ ಹೊರೆಗೆ ಕೈಕೊಟ್ಟರು. ಆ ಮರಣಗಳೆಲ್ಲ ಏತಕ್ಕಾದುವೆಂಬ ಪ್ರಶ್ನೆಗೆ ಈ ಸೇವೆಯೇ ಉತ್ತರವೆಂದು ನಾನು ಹೇಳಲಾರೆ. ಸತ್ತ ತಾಯಿಯ ಹಸಿವು ಯಾವ ಮಹಾಕಾರ್ಯದ ಲೆಕ್ಕದಲ್ಲಿಯೂ ಸಲ್ಲುವಂಥದಲ್ಲ. ಉತ್ತರ ಸಿಕ್ಕದೆಯೂ ಅವರು ಪ್ರಾರ್ಥಿಸುವುದನ್ನು ಬಿಡಲಿಲ್ಲ, ಹೊರಟಲ್ಲಿಂದ ಹಿಂದಕ್ಕೂ ಬರಲಿಲ್ಲ ಎಂಬುದಷ್ಟೇ ನಮಗೆ ಕಾಣುವ ಸಂಗತಿ.

ಕಡೆಯ ಪೆಟ್ಟು ೧೯೨೧ರ ಜುಲೈಯಲ್ಲಿ ಬಿತ್ತು. ಬಲಗೈಯಾಗಿದ್ದ, ಮುಂದೆ ಮುಕ್ತಿಯನ್ನು ನಡೆಸಬೇಕಾಗಿದ್ದ ಏಕಮಾತ್ರ ಪುತ್ರಿ ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡಳು. ಆಗ ರಮಾಬಾಯಿಯವರ ಮೇಜಿನ ಮೇಲೆ ಅನೇಕ ವರ್ಷಗಳಿಂದ ನಡೆದುಬಂದಿದ್ದ ಒಂದು ಕೆಲಸ ಮುಗಿಯುವ ಹಂತದಲ್ಲಿತ್ತು: ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಇಳಿವಯಸ್ಸಿನಲ್ಲಿ ಕಲಿತು ಮಾಡುತ್ತಿದ್ದ ಬೈಬಲಿನ ಮರಾಠಿ ಭಾಷಾಂತರ. ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದವರು ಮುಕ್ತಿಯ ಹೆಂಗಸರೇ. ಮಗಳು ಹೋದ ಮೇಲೆಯೂ ರಮಾಬಾಯಿಯವರು ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. ೧೯೨೨ರ ಏಪ್ರಿಲ್ ೫ರಂದು ಅವರು ದೇಹವಿಟ್ಟರು. ಗ್ರಂಥ ೧೯೨೪ರಲ್ಲಿ ಹೊರಬಂತು. ಕಲ್ಕತ್ತೆಯ ವಿದ್ವತ್ಸಭೆ ಸರಸ್ವತಿಯೆಂದು ಕರೆದಿದ್ದ ಆ ಪಂಡಿತೆ ಈ ಭಾಷಾಂತರದಲ್ಲಿ ಸಂಸ್ಕೃತದ ಘನಪದಗಳನ್ನು ಬೇಕೆಂದೇ ಕಡಮೆಮಾಡಿ ಹಳ್ಳಿಯ ಹೆಂಗಸರು ಆಡುವ ಮಾತನ್ನು ಹುಡುಕಿ ಹುಡುಕಿ ಇಟ್ಟಿದ್ದಾರೆ. ಯೋಬನ ಪ್ರಶ್ನೆಗಳೂ ಕತ್ತಲೆಯಲ್ಲಿ ನಿಂತುಹೋಗುವ ಆ ೮೮ನೆಯ ಕೀರ್ತನೆಯೂ ಕ್ಷಾಮದಲ್ಲಿ ತಾಯಿತಂದೆಯರನ್ನು ಕಳೆದುಕೊಂಡು ಬಂದ ಹುಡುಗಿಯರಿಗೆ ಅವರ ಮನೆಮಾತಿನಲ್ಲಿಯೇ ದೊರೆತುವು.