ಗುಂಡಿಯಿಂದ ಬಾವಿಗೆ ಎಷ್ಟು ದೂರ?

ಶೌಚದ ಗುಂಡಿ ತುಂಬಿದಾಗ ಲಾರಿ ಬರುತ್ತದೆ, ಪೈಪು ಇಳಿಸಿ ಎಲ್ಲವನ್ನೂ ಹೀರಿಕೊಂಡು ಹೋಗುತ್ತದೆ. ಅದನ್ನು ಎಲ್ಲಿ ಸುರಿಯಿತು ಎಂದು ಕೇಳುವವರು ಕಡಿಮೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ ಈ ಪ್ರಶ್ನೆಗೆ 2015ರಲ್ಲಿ ಒಂದು ಉತ್ತರ ಸಿಕ್ಕಿತು. 2011ರ ಜನಗಣತಿಯಲ್ಲಿ ಸುಮಾರು 28,000 ಜನರಿದ್ದ, ಒಳಚರಂಡಿ ಇಲ್ಲದ ಈ ಪಟ್ಟಣದಲ್ಲಿ ಪುರಸಭೆ ಮತ್ತು ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ಸೇರಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭಿಸಿದವು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಒಂದು ಇಡೀ ಪಟ್ಟಣಕ್ಕೆಂದು ಇಂಥ ಘಟಕ ಕಟ್ಟಿದ್ದರಲ್ಲಿ ದೇಶಕ್ಕೇ ಇದು ಮೊದಲನೆಯದು.

ಇದು ಯಾಕೆ ದೊಡ್ಡ ಸಂಗತಿ ಎಂಬುದು ಇಲ್ಲಿನ ನೆಲ ನೋಡಿದರೆ ತಿಳಿಯುತ್ತದೆ. ದಕ್ಷಿಣ ಪಿನಾಕಿನಿ ಹತ್ತಿರದ ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಈ ಸೀಮೆಯಲ್ಲಿ ಅದು ಹೊಳೆಗಿಂತ ಕೆರೆಗಳ ಸಾಲಾಗಿಯೇ ಕಾಣುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನೆಲದಡಿಯಲ್ಲಿ ಕೆಮ್ಮಣ್ಣು, ಅದರ ಕೆಳಗೆ ಸವೆದು ಸಡಿಲವಾದ ಕಲ್ಲಿನ ಪದರ, ಮತ್ತೂ ಕೆಳಗೆ ಗಟ್ಟಿ ಬಂಡೆ. ತೆರೆದ ಬಾವಿಯ ಒರತೆ ಇರುವುದು ನಡುವಿನ ಪದರದಲ್ಲಿ. ಶೌಚದ ಗುಂಡಿಯಿಂದ ಇಂಗಿದ ನೀರು ಇಳಿಯುವುದೂ ಅಲ್ಲಿಗೇ.

ಹಾಗೆ ಇಂಗುವಾಗ ರೋಗಾಣುಗಳ ಬಹುಪಾಲನ್ನು ಮಣ್ಣು ಸೋಸುತ್ತದೆ. ಸಾರಜನಕದ ವಿಷಯದಲ್ಲಿ ಅದು ಸೋಲುತ್ತದೆ. ಮೂತ್ರದಿಂದ ಬಂದ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿಸುತ್ತವೆ. ಜೇಡಿಯ ಕಣಕ್ಕೂ ನೈಟ್ರೇಟಿಗೂ ಇರುವುದು ಋಣ ವಿದ್ಯುದಂಶವಾದ್ದರಿಂದ ಜೇಡಿ ಅದನ್ನು ಹಿಡಿದಿಡಲಾರದು. ಅದು ನೀರಿನೊಂದಿಗೇ ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ. ಇನ್ನು ವರ್ಷಗಟ್ಟಲೆ ಗುಂಡಿಯಲ್ಲಿ ಕುಳಿತ ಕೆಸರನ್ನು ಲಾರಿ ಕಾಲುವೆಗೇ ಸುರಿದರೆ ಮಣ್ಣಿನ ಸೋಸುವಿಕೆಯೂ ಇಲ್ಲ. ರೋಗಾಣುಗಳ ಸಮೇತ ನೇರ ಕೆರೆಗೆ.

ಘಟಕಕ್ಕೆ ಬಂದ ಕೆಸರು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ನಿಲ್ಲುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಅರಗಿಸಿ ಜೈವಿಕ ಅನಿಲ ಬಿಡುತ್ತವೆ. ಆಮೇಲೆ ಮರಳು–ಜಲ್ಲಿಯ ಹಾಸಿನ ಮೇಲೆ ಹರಡಿದಾಗ ನೀರು ಬಸಿದು ಕೆಸರು ಒಣಗುತ್ತದೆ. ಬಸಿದ ನೀರು ಮತ್ತೆ ತೊಟ್ಟಿಗಳನ್ನು ಹಾದು, ಗಿಡ ನೆಟ್ಟ ಜಲ್ಲಿ ಹಾಸಿನ ಮೂಲಕ ಹರಿಯುತ್ತದೆ.

ಒಣಗಿದ ಮಾತ್ರಕ್ಕೆ ಕೆಸರು ನಿರಪಾಯವಲ್ಲ. ಜಂತುಹುಳದ ಮೊಟ್ಟೆ ಅದರಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಬೆಂಗಳೂರಿನ ಸುತ್ತ ಕೆಲವು ರೈತರು ಲಾರಿಯ ಕೆಸರನ್ನು ಹಸಿಯಾಗಿಯೇ ಹೊಲಕ್ಕೆ ಹಾಕಿಸಿಕೊಳ್ಳುವುದುಂಟು. ಬರಿಗಾಲಲ್ಲಿ ಆ ಮಣ್ಣಿನಲ್ಲಿ ದುಡಿಯುವವರನ್ನು ನೆನೆದರೆ ಆತಂಕವಾಗುತ್ತದೆ. ಆದ್ದರಿಂದ ದೇವನಹಳ್ಳಿಯ ಈ ಹಂತ ನನಗೆ ಎಲ್ಲಕ್ಕಿಂತ ಮುಖ್ಯ: ಒಣ ಕೆಸರನ್ನು ಊರಿನ ಹಸಿ ಕಸದೊಂದಿಗೆ ಬೆರೆಸಿ ರಾಶಿ ಹಾಕುತ್ತಾರೆ. ಸೂಕ್ಷ್ಮಜೀವಿಗಳ ಕೆಲಸದಿಂದ ರಾಶಿ ತಾನಾಗಿ ಕಾವೇರುತ್ತದೆ. ಒಡಲಲ್ಲಿ 55 ಡಿಗ್ರಿ ದಾಟಿದ ಕಾವು ಹಲವು ದಿನ ನಿಂತರೆ ಮೊಟ್ಟೆಗಳು ಸಾಯುತ್ತವೆ. ಹೊರಮೈ ತಣ್ಣಗಿರುವುದರಿಂದ ರಾಶಿಯನ್ನು ಮಗುಚುತ್ತಿರಬೇಕು. ಆಗಲೇ ಅದು ಹೊಲಕ್ಕೆ ಯೋಗ್ಯವಾದ ಗೊಬ್ಬರ.

ಬಚ್ಚಲು, ಅಡುಗೆಮನೆಯ ನೀರು ಮಾತ್ರ ಈ ಘಟಕಕ್ಕೆ ಬರುವುದಿಲ್ಲ, ಅದು ಚರಂಡಿ ಹಿಡಿದು ತಗ್ಗಿಗೆ ಹರಿಯುತ್ತದೆ. ಸೋರುವ ಗುಂಡಿಯನ್ನೂ ಘಟಕ ತಡೆಯಲಾರದು. ಇತ್ತೀಚಿನ ವರ್ಷಗಳಲ್ಲಿ ಈ ಸೋರಿಕೆಯ ಪ್ರಶ್ನೆ ಇನ್ನೂ ತುರ್ತಾಗಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ದೇವನಹಳ್ಳಿಯ ಸಿಹಿನೀರು ಕೆರೆಗೆ ಬಂದು, ಪಕ್ಕದ ಹಳೆಯ ತೆರೆದ ಬಾವಿಗೆ ಜೀವ ಬಂದಿದೆ. ಆ ಬಾವಿಯ ನೀರನ್ನು ಶುದ್ಧೀಕರಿಸಿ ಊರಿಗೆ ಕೊಡಲು ವ್ಯವಸ್ಥೆಯೂ ಆಗಿದೆ. ಅಂದರೆ ಊರು ಮತ್ತೆ ಅದೇ ಸಡಿಲ ಕಲ್ಲಿನ ಪದರದ ನೀರಿಗೆ ಕೈಚಾಚಿದೆ. ಬಾವಿಯ ಸುತ್ತ ಯಾವ ಮನೆಯ ಗುಂಡಿ ಎಷ್ಟು ಆಳವಿದೆ ಎಂಬ ನಕ್ಷೆ, ಮಳೆಗಾಲದ ನಂತರ ಒಮ್ಮೆ ಮತ್ತು ಬೇಸಿಗೆಯಲ್ಲಿ ಒಮ್ಮೆ ನೈಟ್ರೇಟ್ ಪರೀಕ್ಷೆ, ಪ್ರತಿ ಲಾರಿ ಎಲ್ಲಿ ತುಂಬಿತು, ಎಲ್ಲಿ ಇಳಿಸಿತು ಎಂಬ ದಾಖಲೆ: ಇವು ಮೂರೂ ಪುರಸಭೆಯ ಕಚೇರಿಯಲ್ಲಿ ಯಾರು ಕೇಳಿದರೂ ಸಿಗುವಂತಿರಬೇಕು.