ಮಾಲ್ ಖಾಲಿಯಾದರೆ ಮುಂದೇನು? ಅಮೆರಿಕದ ಎರಡು ಮಾಲ್‌ಗಳ ಪಾಠ

ಮೊದಲು ಒಂದು ಅಂಗಡಿಯ ಶಟರ್ ಬೀಳುತ್ತದೆ. ಕೆಲವು ತಿಂಗಳಲ್ಲಿ ಪಕ್ಕದ್ದೂ ಬಂದ್. ಆಮೇಲೆ ಎಸ್ಕಲೇಟರ್ ನಿಲ್ಲುತ್ತದೆ, ಎಸಿ ಕಡಿಮೆಯಾಗುತ್ತದೆ. ಗಲ್ಫ್‌ನಲ್ಲಿ ದುಡಿದ ಹಣ ಹಾಕಿ ಇಂತಹ ಕಡೆ ಅಂಗಡಿ ಇಟ್ಟವರ ಕಥೆ ಏನು? ಬಿದ್ದ ಮಾಲ್ ಮತ್ತೆ ಏಳಬಹುದಾ?

ಮಾಲ್ ನಡೆಯುವುದು 'ಆಂಕರ್' ಎಂಬ ದೊಡ್ಡ ಮಳಿಗೆಯ ಬಲದಲ್ಲಿ. ಜನ ಬರುವುದು ಅದಕ್ಕೆ. ಹಾದಿಯಲ್ಲಿ ಚಪ್ಪಲಿ, ಮೊಬೈಲ್ ಕವರ್, ಜ್ಯೂಸ್ ಅಂಗಡಿಗೂ ವ್ಯಾಪಾರ ಆಗುತ್ತದೆ. ಹಾಗಾಗಿ ಆಂಕರ್‌ಗೆ ಚದರಡಿ ಬಾಡಿಗೆ ಕಡಿಮೆ, ಸಣ್ಣವರಿಗೆ ಜಾಸ್ತಿ. ಆಂಕರ್ ಹೋದರೆ ಗಿರಾಕಿ ಹೋದಂತೆ. ಅಮೆರಿಕದಲ್ಲಿ ಅನೇಕ ವ್ಯಾಪಾರಿಗಳು ಕರಾರಿನಲ್ಲೇ ಷರತ್ತು ಹಾಕಿಸುತ್ತಾರೆ: ಆಂಕರ್ ಬಿಟ್ಟರೆ ಬಾಡಿಗೆ ಇಳಿಸಬೇಕು, ಇಲ್ಲವೇ ನಮ್ಮನ್ನೂ ಹೋಗಲು ಬಿಡಬೇಕು. ಇದಕ್ಕೆ 'ಕೋ-ಟೆನೆನ್ಸಿ' ಎಂದು ಹೆಸರು.

ಟೆನೆಸ್ಸಿಯ ನ್ಯಾಶ್ವಿಲ್‌ನಲ್ಲಿ 1967ರಲ್ಲಿ ಶುರುವಾದ 'ಒನ್ ಹಂಡ್ರೆಡ್ ಓಕ್ಸ್' ಮಾಲ್, ಹೊಸ ಮಾಲ್‌ಗಳು ಬಂದ ಮೇಲೆ ಸೊರಗಿತು. ಮತ್ತೊಂದು ಬಟ್ಟೆ ಅಂಗಡಿ ತಂದಿದ್ದರೆ ಅದೇ ಗತಿಯಾಗುತ್ತಿತ್ತೇನೋ. ಆದರೆ 2009ರಲ್ಲಿ ವಾಂಡರ್‌ಬಿಲ್ಟ್ ವೈದ್ಯಕೀಯ ಕೇಂದ್ರ ಮೇಲಿನ ಮಹಡಿಯಲ್ಲಿ ಕ್ಲಿನಿಕ್‌ಗಳನ್ನು ತೆರೆಯಿತು. ಕೆಳಗೆ ಅಂಗಡಿಗಳು ಮುಂದುವರಿದವು. ಆಸ್ಪತ್ರೆಗೆ ಬೇಕಾದದ್ದು ವಿಶಾಲ ಜಾಗ, ಸುಲಭ ಪಾರ್ಕಿಂಗ್. ಮಾಲ್‌ನಲ್ಲಿ ಎರಡೂ ಇದ್ದವು. ಮಾಲ್‌ಗೆ ಬೇಕಾದದ್ದು ದಿನವೂ ಬರುವ ಜನ. ಅದು ಆಸ್ಪತ್ರೆಯ ಕೈಯಲ್ಲಿತ್ತು. 2020ರ ಕೊನೆಗೆ ವಾಂಡರ್‌ಬಿಲ್ಟ್ ಆ ಜಾಗವನ್ನೇ ಖರೀದಿಸಿತು.

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 1971ರ ಹೈಲ್ಯಾಂಡ್ ಮಾಲ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಕಮ್ಯುನಿಟಿ ಕಾಲೇಜು ಅದನ್ನು ಹಂತ ಹಂತವಾಗಿ ಕೊಂಡು, ಹಳೆಯ ಜೆ.ಸಿ. ಪೆನ್ನಿ ಮಳಿಗೆಯನ್ನು 600ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಲಿಕಾ ಕೇಂದ್ರ ಮಾಡಿ 2014ರಲ್ಲಿ ತೆರೆಯಿತು. ಕಟ್ಟಡ ಉಳಿಯಿತು. ಆದರೆ 2015ರಲ್ಲಿ ಮಾಲ್ ಮುಚ್ಚಿತು, ಅಂಗಡಿಗಳು ಹೋದವು. ಗಮನಿಸಬೇಕಾದದ್ದು ಇದೇ: ಕಟ್ಟಡ ಗೆದ್ದರೆ ವ್ಯಾಪಾರಿ ಗೆದ್ದ ಅಂತ ಅಲ್ಲ.

ಇನ್ನೊಂದು ವಿಷಯ. ಇಂತಹ ಬದಲಾವಣೆಗೆ ಜಾಗವೆಲ್ಲ ಒಂದೇ ಕೈಯಲ್ಲಿರಬೇಕು. ನಮ್ಮ ಕಡೆ ಎಷ್ಟೋ ಕಾಂಪ್ಲೆಕ್ಸ್‌ಗಳಲ್ಲಿ ಒಂದೊಂದು ಅಂಗಡಿಯನ್ನು ಒಬ್ಬೊಬ್ಬರಿಗೆ ಮಾರಿರುತ್ತಾರೆ. ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ಬೆಂಗಳೂರಲ್ಲಿ. ಆಸ್ಪತ್ರೆಯೋ ಕಾಲೇಜೋ ಬಂದು ಇಡೀ ಮಹಡಿ ಕೇಳಿದರೆ ಎಲ್ಲರ ಸಹಿ ಒಟ್ಟಾಗುವುದೇ ಕಷ್ಟ. ಇಲ್ಲಿ ಮಾಲೀಕರ ಸಂಘ ಗಟ್ಟಿಯಾಗಿದ್ದರೆ ಮಾತ್ರ ದಾರಿ ತೆರೆಯುತ್ತದೆ.

ಹಾಗಾಗಿ ಮಾಲ್‌ನಲ್ಲಿ ಹಣ ಹಾಕುವ ಯುವಕರು ಟೈಲ್ಸ್, ಲೈಟಿಂಗ್ ನೋಡಿ ಮರುಳಾಗಬಾರದು. ಮೂರು ಪ್ರಶ್ನೆ ಕೇಳಬೇಕು. ಜನ ದಿನವೂ ಬರಲು ಇಲ್ಲಿ ಏನಿದೆ? ಆ ದೊಡ್ಡ ಬಾಡಿಗೆದಾರನ ಕರಾರು ಎಷ್ಟು ವರ್ಷದ್ದು? ಅವನು ಹೋದರೆ ನಮ್ಮ ಬಾಡಿಗೆ ಇಳಿಯುತ್ತದಾ? ಉತ್ತರ ಬಾಯಿಮಾತಲ್ಲಿ ಬಂದರೆ ಸಾಲದು, ಕರಾರಿನಲ್ಲಿ ಬರೆದಿರಬೇಕು.